ಹುರುಳಿಕಾಯಿ ಸಾಲು, ನನ್ನ ರಸಮಟ್ಟ

ಇವತ್ತು ಬೆಳಿಗ್ಗೆ ತಾರಸಿಯ ಕುಂಡಗಳಿಗೆ ಹನಿ ನೀರಿನ ಪೈಪು ಎಳೆಯುತ್ತಿದ್ದೆ. ಬಿಸಿಲಿಗೆ ಕಾದ ಕಪ್ಪು ಪೈಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆಬ್ಬಗೋಡಿಯ ಮುನಿರತ್ನಮ್ಮ ನೆನಪಾದರು. ಆ ವಾಸನೆಗೆ ನಾನು ಈಗಲೂ ತಲೆ ತಗ್ಗಿಸುತ್ತೇನೆ ಎಂದರೆ ನಗಬೇಡಿ. ನಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ತೊಂಬತ್ತರ ದಶಕದ ಮಾತು. ಅಲ್ಲಿನ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರು. ಜೇಬಿನಲ್ಲಿ ಸದಾ, ನೆಲ ಸಮವೋ ಓರೆಯೋ ತೋರಿಸುವ ಗೇಣುದ್ದದ ರಸಮಟ್ಟ. ಹೋಟೆಲಿನ ಮೇಜಿನ ಮೇಲೂ ಅದನ್ನಿಟ್ಟು, ಒಳಗಿನ ಗುಳ್ಳೆ ನಡುವೆ ನಿಲ್ಲದಿದ್ದರೆ ಮಾಲೀಕನ ಕಡೆ ಹುಬ್ಬು ಏರಿಸುವಷ್ಟು ಜಾಣ ನಾನು. ನನ್ನ ಬಾಡಿಗೆ ಕೋಣೆಯ ಹಿಂದೆಯೇ ಮುನಿರತ್ನಮ್ಮನವರ ಅರ್ಧ ಎಕರೆ ತರಕಾರಿ ತೋಟ. ಆ ವರ್ಷ ಹುರುಳಿಕಾಯಿ ಗಿಡ ಹೂ ಬಿಡುವ ಹೊತ್ತಿಗೆ ಬಾವಿ ತಳ ಕಂಡಿತ್ತು.

“ಮೊದ್ಲೆಲ್ಲ ಹೂವಿನ ಟೈಮಿಗೆ ಮಳೆ ಬರ್ತಿತ್ತು ಸಾರ್. ಈಗ ಅದ್ಕೆ ಯಾವಾಗ ಬರ್ಬೇಕು ಅಂತ್ಲೇ ಗೊತ್ತಿಲ್ಲ. ಕಾಲುವೇಲಿ ಬಿಟ್ರೆ ಇರೋ ನೀರೆಲ್ಲ ದಾರೀಲೇ ಇಂಗೋಯ್ತದೆ” ಎಂದರು. ಹೂ ಉದುರಿದರೆ ಆ ಸಲದ ಬೆಳೆಯೇ ಇಲ್ಲ.

ನನ್ನೊಳಗಿನ ಇಂಜಿನಿಯರು ಎದ್ದು ಕೂತ. ಅವನು ಡಿಪ್ಲೊಮಾದಲ್ಲಿ ಎರಡು ಸಲ ಫೇಲಾದವನು ಎಂಬುದು ಬೇರೆ ಮಾತು. ಕಾರ್ಖಾನೆಯವರನ್ನು ಕೇಳಿ ರಿಜೆಕ್ಟಾದ ಮೆತ್ತನೆಯ ಪೈಪು ತಂದೆ, ಕಾದ ಸೂಜಿಯಿಂದ ತೂತು ಹಾಕಿದೆ. ಕಾರ್ಖಾನೆಯ ನೆಲದ ಮೇಲೆ ಹಾಸಿ, ಪ್ರತಿ ತೂತಿನ ಕೆಳಗೂ ಕ್ಯಾಂಟೀನಿನ ಒಂದೊಂದು ಲೋಟ ಇಟ್ಟು ಅಳೆದೆ. ಎಲ್ಲದರಲ್ಲೂ ಒಂದೇ ಮಟ್ಟ. ಅವತ್ತು ಅರ್ಧ ಜನಕ್ಕೆ ಚಹಾ ಸಿಗಲಿಲ್ಲ, ಅಷ್ಟೆ.

ತೋಟದ ಮೇಲ್ತುದಿಯಲ್ಲಿ ಕಲ್ಲು ಪೇರಿಸಿ ಡ್ರಮ್ಮು ಇಟ್ಟೆವು. ಅಲ್ಲಿಂದ ಕೆಳಗಿನವರೆಗೆ ಪೈಪುಗಳನ್ನು ನೆಟ್ಟಗೆ ಎಳೆದೆ. ಕಾರ್ಖಾನೆಯ ನೆಲ ಸಮ, ತೋಟ ಇಳಿಜಾರು. ರಸಮಟ್ಟ ಜೇಬಿನಲ್ಲೇ ಇತ್ತು.

ಮೂರನೆಯ ದಿನ ಮುನಿರತ್ನಮ್ಮ ಮಣ್ಣಿಗೆ ಬೆರಳು ಇಳಿಸಿದರು. “ಮೇಲ್ಗಡೆ ಎರಡು ಗೆಣ್ಣು ಆಳ ಒಣಗ್ಬಿಟ್ಟದೆ ಸಾರ್. ನೀರೆಲ್ಲ ಹಿಂಗೆ ಕೆಳಕ್ಕೆ ಓಡ್ತದೆ.”

“ಬೆರಳಿಟ್ರೆ ಏನ್ ಗೊತ್ತಾಗುತ್ತೆ ಕಣ್ರೀ? ಟೆಸ್ಟ್ ಮಾಡಿದೀನಿ. ಒಂದು ವಾರ ತಾಳಿ.”

ಕಾರ್ಖಾನೆ ಸಾರು ಹೇಳಿದ್ದಾರೆಂದು ಆಕೆ ತಾಳಿದರು. ಆರನೆಯ ದಿನ ಮೇಲಿನ ನಾಲ್ಕು ಸಾಲಿನ ಹೂವೆಲ್ಲ ನೆಲದ ಮೇಲಿತ್ತು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಮತ್ತೆಂದೂ ಆಗಿಲ್ಲ.

ಆಕೆ ಬೈಯಲಿಲ್ಲ, ನನ್ನನ್ನು ಕಾಯಲೂ ಇಲ್ಲ. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಪೈಪುಗಳನ್ನು ಕಿತ್ತು ಇಳಿಜಾರಿಗೆ ಅಡ್ಡಡ್ಡ ಹಾಸಿದ್ದರು. ಹಳೆ ಸೀರೆ ಹರಿದು, ನೀರು ಬರುವ ಬುಡದಲ್ಲಿ ಕೆಳಗಿನ ಪೈಪುಗಳಿಗೆ ಹಿಸುಕುವಷ್ಟು ಬಿಗಿಯಾಗಿ, ಮೇಲಿನವಕ್ಕೆ ಸಡಿಲವಾಗಿ ಕಟ್ಟಿ, ಎಲ್ಲ ಕಡೆಗೂ ನೀರು ಸರಿಸಮ ಹೋಗುವಂತೆ ಮಾಡಿದ್ದರು. ಉಳಿದ ಸಾಲುಗಳು ಬದುಕಿದವು.

ಕೊಯ್ಲಿನ ದಿನ ನನ್ನ ಬಾಗಿಲಿಗೆ ಒಂದು ಚೀಲ ಬಂತು. “ತಗೊಳ್ಳಿ ಸಾರ್, ನಿಮ್ ಪೈಪಿನ ಕಾಯಿ.”

ಎರಡು ದಿನ ಪಲ್ಯ ತಿಂದೆ. ಆಮೇಲೆ ಕಾರ್ಖಾನೆಯಲ್ಲಿ ‘ನನ್ನ’ ಹನಿ ನೀರಾವರಿಯ ಬಗ್ಗೆ ಭಾಷಣವನ್ನೂ ಬಿಗಿದೆ. ಅದರಲ್ಲಿ ಉದುರಿದ ನಾಲ್ಕು ಸಾಲು ಇರಲಿಲ್ಲ, ಸೀರೆಯೂ ಇರಲಿಲ್ಲ. ಇಷ್ಟು ವರ್ಷ ಹಾಗೇ ಹೇಳಿಕೊಂಡು ಬಂದಿದ್ದೇನೆ.

ಇವತ್ತು ನಲ್ಲಿ ತಿರುಗಿಸಿ ಅರ್ಧ ಗಂಟೆಗೆ ಎದುರು ಮನೆಯಾತ ಬಂದು, “ಸಕ್ಕತ್ತಾಗಿದೆ ಸಾರ್! ನಿಮ್ಮದೇ ಐಡಿಯಾನಾ?” ಎಂದ. ಹೌದು ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅಭ್ಯಾಸವಿಲ್ಲದ ಬೆರಳನ್ನು ಕೊನೆಯ ಕುಂಡಕ್ಕೆ ಇಳಿಸಿದೆ. ಮೊದಲ ಕುಂಡ ತೊಯ್ದು ಹೋಗಿತ್ತು, ಇಲ್ಲಿ ಎರಡು ಗೆಣ್ಣು ಒಣ.

“ಅಲ್ಲ ಕಣ್ರೀ, ಮುನಿರತ್ನಮ್ಮ ಅಂತ ಒಬ್ರು ಇದ್ರು, ಅವರದ್ದು” ಎಂದೆ. “ಮನೇಲಿ ಒಂದು ಹಳೆ ಸೀರೆ ಇದ್ರೆ ತನ್ನಿ.”