ಲಾಡ್ಲೇಸಾಬ ಕಡಿಯದೆ ಬಿಟ್ಟ ಸಾಲು

"ಈ ಜಗತ್ತಿನ್ಯಾಗ ನನ್ನ ಉಳಿ ಕಡೀದಂಥಾ ಅಕ್ಷರ ಇನ್ನಾ ಹುಟ್ಟಿಲ್ಲ. ಹುಟ್ಟಿದ್ರ ಮೊದಲ ನನ್ನ ಕಡೆ ಕಳಸ್ರಿ, ಆಮ್ಯಾಲೆ ಸಾಲಿ ಕಲ್ಯಾಕ ಹಾಕ್ರಿ!"

ಪುಣೆಯಿಂದ ಕಾತ್ರಜದ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗೆ ಒಂದು ಕ್ರೈಸ್ತರ ಸಮಾಧಿ ಭೂಮಿ ಇದೆ. ಅದರ ಗೋಡೆಗೆ ಆತುಕೊಂಡ ತಗಡಿನ ಮಾಡಿನ ಕೆಳಗೆ ಕುಳಿತು ಲಾಡ್ಲೇಸಾಬ ಈ ಬಡಾಯಿಯನ್ನು ಮೂವತ್ತೈದು ವರ್ಷ ಹೊಡೆದ. ಗೋರಿಕಲ್ಲು ಕಡಿಯುವುದು ಅವನ ಕಸುಬು. ಅವನ ಪೆಟ್ಟಿನ ಸದ್ದಿಗೆ ಗೋಡೆಯಾಚೆ ಮಲಗಿದವರು ಬೈದುಕೊಂಡು ಮಗ್ಗುಲು ಬದಲಿಸುತ್ತಿದ್ದರಂತೆ. ಅವನು ಒಮ್ಮೆ ಸೀನಿದರೆ ಮೂಗಿನಿಂದ ಬೀಳುವ ಕಲ್ಲುಪುಡಿಯಲ್ಲಿ ಎರಡು ಕೋಣೆಗೆ ಗಿಲಾವು ಮಾಡಬಹುದಿತ್ತಂತೆ. ಆ ರಸ್ತೆಯ ರಿಕ್ಷಾದವರು ಈಗಲೂ ಆಣೆ ಹಾಕಿ ಹೇಳುತ್ತಾರೆ. ರಿಕ್ಷಾದವರು ಮೀಟರಿನ ವಿಷಯ ಬಿಟ್ಟರೆ ಬೇರೆಲ್ಲೂ ಸುಳ್ಳು ಹೇಳುವವರಲ್ಲ.

ಬಡಾಯಿಯಲ್ಲಿ ಒಂದು ಸಣ್ಣ ಸಂಗತಿಯನ್ನು ಮಾತ್ರ ಅವನು ಸೇರಿಸುತ್ತಿರಲಿಲ್ಲ. ಅಪರೂಪಕ್ಕೊಂದು ಅರಬ್ಬಿ ಕಲ್ಲು ಬಿಟ್ಟರೆ ಅವನು ಕಡಿಯುತ್ತಿದ್ದದ್ದೆಲ್ಲ ಇಂಗ್ಲಿಷು. ಅವನಿಗೆ ಓದಲು ಬರುತ್ತಿದ್ದದ್ದು ತಾಳಿಕೋಟೆಯ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತ ಕನ್ನಡ, ಮದರಸಾದಲ್ಲಿ ಕಲಿತ ಅರಬ್ಬಿ, ಅಷ್ಟೇ. ಇಂಗ್ಲಿಷ್ ಅಕ್ಷರ ಅವನ ಪಾಲಿಗೆ ಬಳ್ಳಿ, ಕೊಂಡಿ, ಕುರ್ಚಿ, ಏಣಿ. ಗೆರೆ ಹಿಡಿದು ಕಡಿದರಾಯಿತು.

ಆ ಗೆರೆ ಹಾಕಿಕೊಡುತ್ತಿದ್ದವನು ಸಮಾಧಿ ಭೂಮಿಯ ಕಾರಕೂನ ಯೋಹಾನಪ್ಪ. ಗದಗ-ಬೆಟಗೇರಿ ಕಡೆಯ ಕ್ರೈಸ್ತ. ಸೀಮೆಸುಣ್ಣದಲ್ಲಿ ಅವನು ಬರೆದ ಸೊನ್ನೆಯನ್ನು ಬಿಚ್ಚಿ ಚಕ್ಕಡಿಗೆ ಗಾಲಿ ಮಾಡಬಹುದಿತ್ತು, ಅಷ್ಟು ದುಂಡು. ಮೊದಲ ದಿನ ಲಾಡ್ಲೇಸಾಬ ಬೆರಳಿಗೆ ಸುತ್ತಿಗೆ ಬಡಿದುಕೊಂಡು ಅಪ್ಪಟ ಕನ್ನಡದಲ್ಲಿ ಕಲ್ಲಿನ ತಾಯಿಯನ್ನು ನೆನೆದಿದ್ದ. ಗೋಡೆಯ ಮೇಲಿಂದ ಒಂದು ತಲೆ ಎದ್ದು "ಯಾವೂರೋ ನಿಂದು?" ಎಂದು ಕೇಳಿತ್ತು. ಅಲ್ಲಿಂದ ಮುಂದೆ ದಿನಾ ನಾಲ್ಕಕ್ಕೆ ಗೋಡೆಯ ಮೇಲೆ ಎರಡು ಚಹಾ, ಮತ್ತು ಒಂದು ಜಗಳ. ಜಗಳದ ವಿಷಯ ಮೂವತ್ತೈದು ವರ್ಷವೂ ಒಂದೇ. ಯೋಹಾನಪ್ಪನ ಯೇಸುಸ್ವಾಮಿ, ಲಾಡ್ಲೇಸಾಬನ ಈಸಾ ನಬಿ.

"ಮರಿಯಮ್ಮನ ಹೊಟ್ಟಿಲೆ ತಂದಿ ಇಲ್ಲದ ಹುಟ್ಟಿದ. ಒಪ್ಪಿದಿ?" ಎಂದು ಯೋಹಾನಪ್ಪ ಶುರು ಮಾಡುವನು.

"ಒಪ್ಪಿದೆ. ಕುಷ್ಠ ಬಿಡಿಸಿದ, ಸತ್ತವ್ರನ್ನ ಎಬ್ಬಿಸಿದ. ತೊಟ್ಟಲದಾಗಿನ ಕೂಸಿದ್ದಾಗ ಮಾತೂ ಆಡಿದ. ನಿನಕಿಂತಾ ಒಂದು ಪವಾಡ ನಾನ ಹೆಚ್ಚಿಗಿ ಒಪ್ಪತೀನಿ ನೋಡು."

"ಹಂಗಾರ ದೇವರ ಮಗಾ ಅನ್ನಾಕ ಏನು ಬ್ಯಾನಿ ನಿನಗ?"

"ಅಲ್ಲಾಹ ಒಬ್ಬನ. ಯಾರನ್ನೂ ಹಡದಿಲ್ಲ, ಯಾರಿಗೂ ಹುಟ್ಟಿಲ್ಲ. ಈಸಾ ದೊಡ್ಡ ನಬಿ. ಹೆಸರು ಬಂದ್ರ ಸಲಾಂ ಹೇಳತೀನಿ. ಮಗಾ ಅನ್ನಂಗಿಲ್ಲ."

"ಶಿಲುಬಿ ಮ್ಯಾಲೆ ಸತ್ತದ್ದು?"

"ಸತ್ತಿಲ್ಲ! ನೋಡಾವ್ರಿಗೆ ಹಂಗ ಕಂಡಿತು. ತನ್ನ ನಬೀನ ಅಂಥಾ ಸಾವಿಗೆ ಬಿಟ್ಟು ಕೈ ಝಾಡಿಸಿಕೊಳ್ಳಾಕ ಅಲ್ಲಾಹ ಏನು ನಿಮ್ಮ ಸಮಾಧಿ ಕಮಿಟಿ ಚೇರ್ಮನ್ನನ? ಜೀವಂತ ಮ್ಯಾಲೆ ಎತಗೊಂಡ."

"ಸಾಯಾಕ ಬಂದ ನೋಡು, ಅದಕ್ಕ ಅಂವ ನನಗ ದೇವರು. ಅಂವ ಸಾಯದಿದ್ರ ನನ್ನ ಪಾಪ ಯಾರು ಹೊರಬೇಕೋ, ನೀನ?"

"ನಾ ಯಾಕ ಹೊರ್ಲಿ? ನಂದ ನನಗ ಎತ್ತಾಕ ಬರವಲ್ದು."

ಒಂದು ಮಾತಿನಲ್ಲಿ ಮಾತ್ರ ತಕರಾರು ಇರಲಿಲ್ಲ. ಯೇಸುವೆನ್ನಿ, ಈಸಾ ಎನ್ನಿ, ಲೋಕದ ಕೊನೆಗೆ ಅವನು ಮತ್ತೆ ಭೂಮಿಗೆ ಬರುತ್ತಾನೆ. ಇಬ್ಬರ ಕಿತಾಬು ಬಲ್ಲವರೂ ಹಾಗೆ ಹೇಳಿದ್ದರು. ಬಂದಾಗ ಮೊದಲು ಯಾರ ಓಣಿಗೆ ಕಾಲಿಡುತ್ತಾನೆ ಎಂಬುದರ ಮೇಲೆ ಮತ್ತೆ ಅರ್ಧ ತಾಸು ಜಗಳ. ಕೊನೆಗೆ ಯೋಹಾನಪ್ಪ ಸೋತವನ ಹಾಗೆ ನಕ್ಕು, "ಇರಲಿ ಬಿಡು, ಕಲ್ಲು ಕಡಿ" ಎಂದು ಮುಂದಿನ ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆಯುವನು. ಆ ನಗೆಯೊಳಗೆ ಏನಿತ್ತೆಂದು ಲಾಡ್ಲೇಸಾಬನಿಗೆ ತಿಳಿಯುವಷ್ಟರಲ್ಲಿ ನಕ್ಕವನೇ ಇರಲಿಲ್ಲ.

ಯೋಹಾನಪ್ಪನ ಮೂತ್ರಪಿಂಡ ಕೆಟ್ಟವು. ಎರಡು ವರ್ಷ ವಾರಕ್ಕೆ ಎರಡು ಸಲ ರಕ್ತ ತೊಳೆಸಲು ಆಸ್ಪತ್ರೆಗೆ ಹೋದ. ಒಂದು ಸಲವೂ ತಪ್ಪದೆ ಲಾಡ್ಲೇಸಾಬ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತ. ಆ ಬೆಂಚಿನಲ್ಲಿ ಅವನ ಕುಂಡಿಯ ಅಚ್ಚು ಬಿದ್ದಿದೆ, ಬೇಕಾದವರು ಹೋಗಿ ನೋಡಬಹುದು. ಕೊನೆಯ ವಾರ ಯೋಹಾನಪ್ಪ ಅವನ ಕೈ ಹಿಡಿದ.

"ನನ್ನ ಕಲ್ಲು ನೀನ ಕಡೀಬೇಕು. ಕನ್ನಡದಾಗ."

"ಕನ್ನಡ ಏನು, ಕಾಗಿ ಭಾಷಾದಾಗ ಅಂದ್ರೂ ಕಡೀತೀನಿ. ಉಳಿ ಮ್ಯಾಲೆ ಆಣಿ."

"ಆಣಿ ಬ್ಯಾಡೋ ಮಾರಾಯ. ಓದಿ ನೋಡಿ ಕಡಿ."

ಮಣ್ಣು ಕೊಟ್ಟು ಬಂದ ಮರುದಿನ ನಾಲ್ಕು ಗಂಟೆಗೆ ಲಾಡ್ಲೇಸಾಬ ಮರೆತು ಎರಡು ಚಹಾ ಹೇಳಿದ. ಒಂದನ್ನು ಕುಡಿದ. ಇನ್ನೊಂದು ಗೋಡೆಯ ಮೇಲೆ ಆರಿತು.

ತೀರಿಕೊಂಡು ವರ್ಷ ತುಂಬಿದಾಗಿನ ಪ್ರಾರ್ಥನೆಗೆ ಮೂರು ತಿಂಗಳಿರುವಾಗ ಯೋಹಾನಪ್ಪನ ಹೆಂಡತಿ ಕರುಣಾಬಾಯಿ, ಅಳಿಯ ಸಂಜುವನ್ನು ಕರೆದುಕೊಂಡು ಬಂದಳು. ಯೋಹಾನಪ್ಪನೇ ಬರೆದಿಟ್ಟಿದ್ದ ಮಡಚಿದ ಚೀಟಿಯನ್ನು ಲಾಡ್ಲೇಸಾಬನ ಕೈಗೆ ಕೊಟ್ಟಳು. ಚಾಕಣದ ಕಾರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸಂಜು ಮಾಡಿನ ಕೆಳಗಿನ ದೂಳು ನೋಡಿ ಮೂಗಿಗೆ ಕರವಸ್ತ್ರ ಹಿಡಿದ.

"ಚಾಚಾ, ಕಾತ್ರಜದಾಗ ಕಂಪ್ಯೂಟರ್ ಮಷೀನ್ ಬಂದಾವರಿ. ಅರ್ಧ ತಾಸಿನ್ಯಾಗ ಕಡದ ಕೈಗಿ ಕೊಡತಾರ."

"ನಿನ್ನ ಮಷೀನಿಗಿ ನಿಮ್ಮ ಮಾವನ ಗುರ್ತ ಅದ ಏನೋ? ನನ್ನ ಉಳಿ ಕಡೀದಂಥಾ ಅಕ್ಷರ..."

"ಇನ್ನಾ ಹುಟ್ಟಿಲ್ಲ, ಗೊತ್ತದರಿ" ಎಂದ ಸಂಜು.

ಚೀಟಿಯನ್ನು ಪೂರ್ತಿ ಓದದೆ ಜೇಬಿಗಿಟ್ಟುಕೊಂಡು ಲಾಡ್ಲೇಸಾಬ ಒಳ್ಳೆಯ ಕರಿಕಲ್ಲು ಆರಿಸಿದ. ಅವನ ಉಸ್ತಾದ ಹಾಕಿಕೊಟ್ಟ ಪದ್ಧತಿ ಒಂದಿತ್ತು: ಓದಲು ಬರುವ ಅಕ್ಷರವಾದರೆ ಅದನ್ನು ಬಾಯಲ್ಲಿ ಹೇಳಿಯೇ ಉಳಿ ಇಡಬೇಕು; ಕಣ್ಣು ತಪ್ಪಿದರೂ ನಾಲಗೆ ತಪ್ಪುವುದಿಲ್ಲ. ಅರಬ್ಬಿ ಕಲ್ಲಿಗೆ ಹಾಗೆಯೇ ಮಾಡುತ್ತಿದ್ದ. ಕನ್ನಡದ ಕಲ್ಲು ಇದೇ ಮೊದಲು. "ಯೋ" ಎಂದು ಒಂದು ಪೆಟ್ಟು. "ಯೋ" ಎಂದು ಇನ್ನೊಂದು. ಹೆಸರು ಹೇಳುತ್ತ ಕಡಿಯುವುದೆಂದರೆ ಕರೆದ ಹಾಗೆಯೇ. ನಾಲ್ಕು ಅಕ್ಷರಕ್ಕೆ ನಾಲ್ಕು ದಿನ ಕರೆದ. ಗೋಡೆಯ ಮೇಲೆ ತಲೆ ಏಳಲಿಲ್ಲ.

ಹೆಸರಾಯಿತು, ಹುಟ್ಟಿದ ದಿನ ಸತ್ತ ದಿನ ಆಯಿತು. ಮೂರನೆಯ ಸಾಲಿಗೆ ಚೀಟಿ ಬಿಚ್ಚಿದ.

"ದೇವರ ಮಗನಾದ ಯೇಸು ನನಗಾಗಿ ಶಿಲುಬೆಯ ಮೇಲೆ ಸತ್ತನು."

ಉಳಿ ಊರುವ ಮೊದಲು "ದೇ" ಎಂದ. "ವ" ಎಂದ. "ರ" ಎಂದ. ಬಾಯಿ ಅಲ್ಲೇ ನಿಂತಿತು. ನೀರು ಕುಡಿದು ಮತ್ತೆ ಶುರು ಮಾಡಿದ, ಮತ್ತೆ ಅಲ್ಲೇ ನಿಂತಿತು. ಬಾಯಿ ಮುಚ್ಚಿ ಕಡಿಯಲು ನೋಡಿದ. ಉಳಿ ಜಾರಿ ಕಲ್ಲನ್ನು ಗೀರಿ ಹೆಬ್ಬೆರಳಿಗೆ ಹತ್ತಿತು. ಮೂವತ್ತೈದು ವರ್ಷದಲ್ಲಿ ಜಾರದ ಉಳಿ. ಹೀಗೆ ಹನ್ನೊಂದು ದಿನ. ಅಷ್ಟು ದಿನ ಕಲ್ಲು ಅವನನ್ನು ನೋಡುತ್ತ ಕುಳಿತಿತ್ತೇ ಹೊರತು ಅವನು ಕಲ್ಲನ್ನು ನೋಡಲಿಲ್ಲ. ಹನ್ನೆರಡನೆಯ ದಿನ ಕರುಣಾಬಾಯಿಯ ಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತ.

"ವೈನಿ, ಇದೊಂದು ಸಾಲು ನನ್ನ ಕೈಲೆ ಆಗಂಗಿಲ್ಲರಿ. ಇದನ್ನ ಬಾಯಿಲೆ ಹೇಳಿ ಕಡದ್ರ ನಾಳೆ ಯಾವ ಮಾರಿ ಇಟಗೊಂಡು ನಮಾಜಿಗಿ ನಿಂದ್ರಲಿ?"

ಕರುಣಾಬಾಯಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಸಿಟ್ಟು ಬಂದರೆ ಮಾತು ಕಮ್ಮಿ. ಚಪ್ಪಲಿ ಮೆಟ್ಟಿಕೊಂಡು "ನಡಿ" ಎಂದಳು. ಸಮಾಧಿ ಭೂಮಿಯೊಳಗೆ ಮೊದಲ ಸಾಲಿನ ಒಂದು ಕಲ್ಲಿನ ಮುಂದೆ ನಿಂತಳು.

"ಇದು ಯಾರು ಕಡದದ್ದು?"

"ನಾನ."

"'ದೇವರ ಮಗ ನಮಗಾಗಿ ಸತ್ತ' ಅಂತ ಇಂಗ್ಲಿಷಿನ್ಯಾಗ ಬರದೈತಿ. ಇದು?"

"ಅದೂ ನಾನರಿ."

"'ಶಿಲುಬಿ ಮ್ಯಾಲೆ ಸತ್ತ, ಮೂರನೇ ದಿನಾ ಎದ್ದ.' ಇದು?"

ಅದು ಅವನು ಬಂದವರಿಗೆಲ್ಲ ತೋರಿಸುತ್ತಿದ್ದ ಕಲ್ಲು. ಅದರ ಬಳ್ಳಿಯಂಥ ಅಕ್ಷರದ ಮೇಲೆ ಜೇನು ಬಂದು ಕೂರುತ್ತವೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಆಕೆ ಬಿಡಲಿಲ್ಲ, ಓದುತ್ತಲೇ ಹೋದಳು. ಒಂಬತ್ತನೆಯದಕ್ಕೋ ಹತ್ತನೆಯದಕ್ಕೋ ಅವನು ಯಾರದೋ ಗೋರಿಯ ಅಂಚಿಗೆ ಕುಸಿದು ಕುಳಿತ. ಸುತ್ತ ನಾಲ್ಕು ಎಕರೆ ಅವನದೇ ಕೈಬರಹ.

"ಯೋಹಾನಣ್ಣಗ ಗೊತ್ತಿತ್ತು" ಎಂದ.

"ಬರದಾವ್ರ ಅವರು. ಗೊತ್ತಿಲ್ದ ಇರ್ತದ?"

"ದಿನಾ ನನ್ನ ಕೂಡ ವಾದಾ ಮಾಡಿ, ಸೋತಂಗ ನಕ್ಕು, ಅದನ್ನ ನನ್ನ ಕೈಲೆ ಕಡಸತಿದ್ದನಲ್ಲರಿ ವೈನಿ."

ಅವನಿಗೆ ಆಗ ಬಾಯ್ತುಂಬ ಬೈಯಬೇಕೆನ್ನಿಸಿತು. ಕಾಲರ್ ಹಿಡಿದು ಕೇಳಬೇಕೆನ್ನಿಸಿತು. ಕೇಳಿಸಿಕೊಳ್ಳಬೇಕಾದವನು ಹತ್ತು ಹೆಜ್ಜೆಯಾಚೆ ಕಲ್ಲಿಲ್ಲದ ಮಣ್ಣಿನ ಕೆಳಗೆ ಆರಾಮ ಮಲಗಿದ್ದ. ಮೂವತ್ತೈದು ವರ್ಷದ ಜಗಳದಲ್ಲಿ ಎದುರಾಳಿ ಹೀಗೆ ಮೋಸದಿಂದ ಗೆದ್ದು ಎದ್ದುಹೋದದ್ದು ಇದೇ ಮೊದಲು.

ಕರುಣಾಬಾಯಿಯ ಸಿಟ್ಟು ಇಳಿದಿತ್ತು. ಅವನ ಪಕ್ಕದಲ್ಲೇ ಕುಳಿತಳು.

"ಯಾಕ ಹಿಂಗ ಮಾಡತೀರಿ ಅಂತ ನಾನೂ ಕೇಳಿದ್ದೆ ಭಾಯಿ. 'ಹೇಳಿದ್ರ ಉಳಿ ಕೆಳಗಿಡತಾನ, ಹೊಟ್ಟಿಗೇನು ಕಲ್ಲು ತಿಂತಾನೇನು? ತಿಳೀದ ಮಾಡಿದ್ದರ ಪಾಪ ಅಂವಗ ಹತ್ತಂಗಿಲ್ಲ. ಹತ್ತೂದಿದ್ರ ನನ್ನ ಸುಣ್ಣಕ್ಕ ಹತ್ತಲಿ' ಅಂತಿದ್ರು. ಆಸ್ಪತ್ರ್ಯಾಗ ಮಾತ್ರ ಬ್ಯಾರೆ ಅಂದ್ರು. 'ನನ್ನ ಕಲ್ಲಿಗರೆ ಅಂವಗ ಮೋಸ ಮಾಡಬಾರದು. ಕನ್ನಡದಾಗ ಇರಲಿ. ಓದಿ ಕಡದ್ರ ಕಡೀಲಿ, ಬಿಟ್ರ ಬಿಡಲಿ' ಅಂದ್ರು."

"ಇದನ್ನ ಆವತ್ತ ಯಾಕ ಹೇಳಲಿಲ್ಲರಿ?"

"ಹೇಳಿದ್ರ ನೀ ಬಿಡತಿದ್ದಿ." ಆಕೆಯ ದನಿ ಒಡೆಯಿತು. "ನನಗ ಆ ಸಾಲು ಬೇಕಾಗಿತ್ತೋ. ಎರಡು ವರ್ಷ ಸೂಜಿ ಚುಚ್ಚಿಸಿಕೊಂಡ್ರು. ಕಡೀತನಕ ಆ ಮಾತು ಹಿಡಕೊಂಡ ಮಲಗಿದ್ರು. ಅದು ಅವ್ರ ತಲಿ ಮ್ಯಾಲೆ ಇರಬೇಕು ಅನಸೂದು ತಪ್ಪೇನು?"

"ತಪ್ಪಲ್ಲರಿ" ಎಂದ ಲಾಡ್ಲೇಸಾಬ. ಇಬ್ಬರೂ ಬಹಳ ಹೊತ್ತು ಅತ್ತರು, ಬೇರೆ ಬೇರೆ ಕಾರಣಕ್ಕೆ, ಒಬ್ಬನ ಸಲುವಾಗಿ.

ಆವತ್ತಿನಿಂದ ಅವನು ಯಾವ ಕಲ್ಲು ಬಂದರೂ "ಮೊದಲು ಓದಿ ಹೇಳ್ರಿ" ಎನ್ನತೊಡಗಿದ. ಹೆಸರು, ತಾರೀಖು, 'ಶಾಂತಿಯಿಂದ ಮಲಗು' ಎಂದಿದ್ದರೆ ಕಡಿದ. ಬೇರೆ ಸಾಲಿದ್ದರೆ ಕೈ ಮುಗಿದ. ಗಿರಾಕಿಗಳು ಮಷೀನಿನ ದಾರಿ ಹಿಡಿದರು. ಮಾಡಿನ ಕೆಳಗೆ ಕಲ್ಲಿನ ಸದ್ದು ಎಷ್ಟು ಕಮ್ಮಿಯಾಯಿತೆಂದರೆ ಗೋಡೆಯಾಚೆಯವರು ಗಾಬರಿಯಾಗಿ ಎದ್ದು ಕುಳಿತಿರಬೇಕು. ಖಾಲಿ ಕುಳಿತ ಹೊತ್ತಿನಲ್ಲೆಲ್ಲ ಅವನು ಯೋಹಾನಪ್ಪನ ಕಲ್ಲಿನ ಮೂರನೆಯ ಸಾಲಿನ ಜಾಗವನ್ನು ಉಜ್ಜಿದ. ಜಾರಿದ ಉಳಿಯ ಗಾಯ ಮಾಯುವ ತನಕ ಉಜ್ಜಿದ, ಆಮೇಲೂ ಉಜ್ಜಿದ. ಎರಡು ತಿಂಗಳಲ್ಲಿ ಆ ಒಂದು ಗೇಣು ಜಾಗ ಎಷ್ಟು ನುಣುಪಾಯಿತೆಂದರೆ ನೊಣ ಕೂತರೆ ಜಾರಿ ಬೀಳುತ್ತಿತ್ತು.

ವರ್ಷದ ಪ್ರಾರ್ಥನೆಯ ಮುಂಜಾನೆ ಕಲ್ಲು ನಿಂತಿತು. ಹೆಸರು ಇತ್ತು, ತಾರೀಖು ಇದ್ದವು, ಕೆಳಗೆ ಹೊಳೆಯುವ ಖಾಲಿ. ಕರುಣಾಬಾಯಿ ಬಾಗಿ ನೋಡಿದಳು. ಆ ಖಾಲಿಯಲ್ಲಿ ಅವಳದೇ ಮುಖ ಕಂಡಿತು. ಸೆರಗಿನಿಂದ ಅದನ್ನೊಮ್ಮೆ ಒರೆಸಿದಳು.

ಸಂಜು ಸುಮ್ಮನಿರಲಿಲ್ಲ. "ಏನ್ರಿ ಚಾಚಾ, ನಿಮ್ಮ ಉಳಿ ಕಡೀದಂಥಾ ಅಕ್ಷರ ಇನ್ನಾ ಹುಟ್ಟಿಲ್ಲ ಅಂತಿದ್ರಿ? ಇಲ್ಲಿ ನೋಡಿದ್ರ ಒಂದು ಸಾಲಿಗಿ ಸಾಲ ಹುಟ್ಟೈತಿ. ಅತ್ತಿ, ಮಷೀನ್ ತರಸಲೇನು? ಅರ್ಧ ತಾಸು."

"ಬ್ಯಾಡ" ಎಂದಳು ಕರುಣಾಬಾಯಿ. ಆಮೇಲೆ ಲಾಡ್ಲೇಸಾಬನ ಕಡೆಗೆ ತಿರುಗಿ, ದೂರುವ ದನಿಯಿಲ್ಲದೆ, ಸುಸ್ತಾದವಳ ಹಾಗೆ ಕೇಳಿದಳು: "ಆದ್ರ ಭಾಯಿ, ಎಲ್ಲೀತನಕ ಹಿಂಗ ಖಾಲಿ?"

ಲಾಡ್ಲೇಸಾಬ ಗೋಡೆಯ ಕಡೆ ನೋಡಿದ. ಅಲ್ಲಿ ತಲೆ ಏಳಲಿಲ್ಲ. ಆದರೂ ಅತ್ತಲೇ ನೋಡುತ್ತ ಹೇಳಿದ:

"ನಿಮ್ಮ ಯೇಸು, ನಮ್ಮ ಈಸಾ, ಅಂವ ಬರೂತನಕರಿ, ವೈನಿ. ಬರ್ತಾನ ಅನ್ನೂದಕ್ಕ ಯೋಹಾನಣ್ಣಂದೂ ತಕರಾರಿದ್ದಿಲ್ಲ, ನಂದೂ ಇಲ್ಲ. ಬಂದು ತಾನು ಯಾರಂತ ತಾನ ಹೇಳಲಿ, ನಾ ಬಾಯಿ ಬಿಟ್ಟು ಹೇಳಿ ಕಡೀತೀನಿ. ಅದಕ್ಕ ಜಾಗಾ ಹಸನ ಮಾಡಿ ಇಟ್ಟೀನಿ."