ಅಮ್ಮನ ದನಿಯ ಬಣ್ಣಕ್ಕಾಗಿ ಶಿವಾಜಿನಗರಕ್ಕೆ

ಕೋಲಾರದಲ್ಲಿ ಬೆಂಗಳೂರಿನ ಬಸ್ಸು ಹತ್ತಿದಾಗ ಮಂಜು ಇನ್ನೂ ಕರಗಿರಲಿಲ್ಲ. ದೊಡ್ಡಮ್ಮ ಕಿಟಕಿ ಪಕ್ಕ ಕುಳಿತು, ಮಡಿಲಲ್ಲಿದ್ದ ಬಟ್ಟೆಯ ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಅದರೊಳಗೆ ಚಿತ್ರಾನ್ನದ ಡಬ್ಬಿ, ಬದಲಿಗೆ ಒಂದೊಂದು ಸೀರೆ, ಮತ್ತೆ ಬಣ್ಣವನ್ನೇ ಕಾಣದ ಬಿಳಿ ರೇಷ್ಮೆಯ ಒಂದು ತುಂಡು. ಇಬ್ಬರ ಟಿಕೆಟ್ಟೂ ಸೇರಿ ಅರವತ್ತು ರೂಪಾಯಿ ದಾಟಲಿಲ್ಲ. ಹೊಸ ಶತಮಾನ ಆಗಷ್ಟೇ ಕಾಲಿಟ್ಟಿದ್ದ ವರ್ಷಗಳು ಅವು.

ಆ ರೇಷ್ಮೆಯ ತುಂಡಿಗಾಗಿಯೇ ಈ ಪ್ರಯಾಣ. ನಾನು ಹಾಲು ಕುಡಿಯುವ ಕೂಸಾಗಿದ್ದಾಗಲೇ ಅಮ್ಮ ತೀರಿಹೋದಳು. ಫೋಟೋ ಒಂದಿದೆ, ಆದರೆ ಅವಳ ದನಿ ಯಾವ ಟೇಪಿನಲ್ಲೂ ಇಲ್ಲ. ನನ್ನನ್ನು ಸಾಕಿದವಳು ಅವಳ ಅಕ್ಕ, ಈ ದೊಡ್ಡಮ್ಮ. ದೊಡ್ಡಮ್ಮನಿಗೆ ಹುಟ್ಟಿನಿಂದಲೂ ಯಾವ ಸದ್ದು ಕೇಳಿದರೂ ಕಣ್ಣಿನ ಮುಂದೆ ಒಂದು ಬಣ್ಣ ಬರುತ್ತದೆ. ಕುಕ್ಕರಿನ ಕೂಗು ಅವಳಿಗೆ ಸುಣ್ಣದ ಬಿಳುಪು, ನಮ್ಮ ದೊಡ್ಡಪ್ಪನ ಕೆಮ್ಮು ಹಳೇ ಬೆಲ್ಲ. ಮನೆಯಲ್ಲಿ ಯಾರೂ ಇದನ್ನು ದೊಡ್ಡ ವಿಷಯ ಮಾಡಿರಲಿಲ್ಲ. ಅಮ್ಮನ ದನಿ ಹೇಗಿತ್ತು ಎಂದು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಅವಳು ಕೊಡುತ್ತಿದ್ದ ಉತ್ತರವೂ ಬಣ್ಣದ್ದೇ: ಮರದಲ್ಲೇ ಇರುವ ನೇರಳೆ ಹಣ್ಣಿನ ಮೇಲೆ ಬೂದಿಯಂಥದ್ದು ಇರುತ್ತದಲ್ಲ, ಬೆರಳು ಸೋಕಿದರೆ ಹೋಗಿಬಿಡುತ್ತದಲ್ಲ, ಅದು.

ಈಗ ಅವಳ ಕಣ್ಣು ಮಂಜಾಗುತ್ತಿತ್ತು. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೇಳಿದ ದಿನ, ಅವಳು ಅಳಲಿಲ್ಲ. ರೊಟ್ಟಿ ತಟ್ಟುತ್ತಾ ಹೇಳಿದಳು: "ಕಣ್ಣು ಹೋದ್ರೂ ನನಗೆ ಒಳಗೆ ಕಾಣುತ್ತೆ ಬಿಡು. ನಿನಗೆ ಯಾರೇ ತೋರಿಸ್ತಾರೆ ಅವಳ ದನೀನಾ? ನಾನು ನೋಡಿ ಹೌದು ಅನ್ನೋಕಾಗೋವಾಗ್ಲೇ ಒಂದು ಬಟ್ಟೆಗೆ ಅದನ್ನ ಹಾಕಿಸ್ಬಿಡೋಣ."

ನರಸಾಪುರ, ಹೊಸಕೋಟೆ ದಾಟುವವರೆಗೆ ದಾರಿ ಸಲೀಸಾಗಿತ್ತು. ಕೆ.ಆರ್. ಪುರದಲ್ಲಿ ತೂಗುಸೇತುವೆಗೆಂದು ಕಂಬಗಳೇಳುತ್ತಿದ್ದವು, ಲಾರಿ ಬಸ್ಸುಗಳು ಒಂದರ ಬೆನ್ನಿಗೊಂದು ಅಂಟಿ ನಿಂತಿದ್ದವು. ಟಿನ್ ಫ್ಯಾಕ್ಟರಿ ಸ್ಟಾಪಿನ ಹಾರ್ನುಗಳ ಗದ್ದಲಕ್ಕೆ ದೊಡ್ಡಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಬೇರೆಯವರಾದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಧೂಳೇನಜ್ಜಿ ಎಂದು ಕಂಡಕ್ಟರು ವಿಚಾರಿಸಿದ. "ಧೂಳಲ್ಲಪ್ಪ, ನಿನ್ನ ಸೀಟಿ. ಕಣ್ಣಿಗೆ ನಿಂಬೆಹಣ್ಣು ಹಿಂಡಿದಂಗೈತೆ" ಎಂದಳು. ಅವನಿಗೆ ಏನು ಅರ್ಥವಾಯಿತೋ, ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹಲಸೂರಿನವರೆಗೂ ಬಸ್ಸಿನ ತಗಡು ಬಡಿದೇ ನಿಲ್ಲಿಸಿದ.

ಹಲಸೂರಿನಲ್ಲಿ ಇಳಿದು ಸಿಟಿ ಬಸ್ಸಿನಲ್ಲಿ ಶಿವಾಜಿನಗರ ತಲುಪಿದೆವು. ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ಪಂಜರದ ಹಕ್ಕಿ, ಅತ್ತರು, ಆಗತಾನೆ ಇಳಿಸಿದ ಬನ್ನುಗಳ ಬಿಸಿ ವಾಸನೆ. ಸೀರೆಗಳಿಗೆ ಬಣ್ಣ ಹಾಕುವ ಗಫೂರ್ ಸಾಬರ ಅಂಗಡಿ ಒಂದು ಹಿಟ್ಟಿನ ಗಿರಣಿಗೆ ಗೋಡೆ ಹಂಚಿಕೊಂಡಿತ್ತು. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ಹಗ್ಗಗಳಿಂದ ಒದ್ದೆ ಬಟ್ಟೆಗಳು ತೊಟ್ಟಿಕ್ಕುತ್ತಿದ್ದವು. ಸಾಬರ ಮೊಣಕೈವರೆಗಿನ ಚರ್ಮಕ್ಕೆ ಅದರದೇ ಎನ್ನುವ ಬಣ್ಣ ಉಳಿದಿರಲಿಲ್ಲ.

ಅವರ ಕೆಲಸದ ರೀತಿ ಹೀಗೆ: ಗಿರಾಕಿ ತಂದ ಮಾದರಿ ತುಂಡನ್ನು ಒದ್ದೆ ಮಾಡಿ ನೋಡುತ್ತಾರೆ, ಹಂಡೆಯ ಬಣ್ಣದಲ್ಲಿ ಒಂದೇ ಒಂದು ಎಳೆ ಅದ್ದುತ್ತಾರೆ, ಒಲೆಯ ಮೇಲೆ ಹಿಡಿದು ಒಣಗಿಸಿ, ಬಾಗಿಲ ಬೆಳಕಿನಲ್ಲಿ ಎರಡನ್ನೂ ಜೋಡಿಸಿ ಹೋಲಿಸುತ್ತಾರೆ. ಹೊಂದುವವರೆಗೂ ಬಟ್ಟೆ ಮುಟ್ಟುವುದಿಲ್ಲ. ಸ್ಯಾಂಪಲ್ ಎಲ್ಲಿ ಎಂದು ಅವರು ಕೇಳಿದಾಗ ನನಗೆ ನಾಚಿಕೆಯಾಯಿತು. ದೊಡ್ಡಮ್ಮ ಮಾತ್ರ ಸ್ಟೂಲಿನ ಮೇಲೆ ಕುಳಿತು, ಹಾಡುತ್ತೇನೆ, ನೋಡಿಕೊಳ್ಳಿ ಎಂದಳು.

ಸಾಬರು ಕೈ ಒರೆಸಿಕೊಂಡು ಹಂಡೆಯ ಹತ್ತಿರ ಬಂದರು. "ಬದನೆಕಾಯಿ ತಂದವ್ರೆ, ಗಿಣಿ ಪುಕ್ಕ ತಂದವ್ರೆ. ಗಾನಾ ತಂದವ್ರು ನೀವೇ ಫಸ್ಟು ಅಮ್ಮಾ. ಹಾಡಿ."

ಅಮ್ಮ ನನಗೆ ಹಾಡುತ್ತಿದ್ದ ಜೋಗುಳವನ್ನು ದೊಡ್ಡಮ್ಮ ಗುನುಗಿದಳು. ತನ್ನ ದನಿಯಲ್ಲಲ್ಲ, ತಂಗಿಯ ದನಿಯನ್ನು ನೆನಪಿನಿಂದ ಎಳೆದು ತಂದು. ಸಾಬರು ಎಳೆ ಅದ್ದುವರು, ಒಣಗಿಸುವರು, ಇವಳು ಕೆಂಪು ಜಾಸ್ತಿಯೆನ್ನುವಳು, ಇನ್ನಷ್ಟು ಹೊಗೆ ಬೇಕೆನ್ನುವಳು. ಪಕ್ಕದ ಗಿರಣಿ ಬಿಡುವಿಲ್ಲದೆ ಬೀಸುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಎಳೆ ಹಿಡಿದು, ಇದೇ ಎಂದಳು. ನನಗೆ ಅದು ಕಂದಾಗಿ ಕಂಡರೂ ಅವಳ ಕಣ್ಣನ್ನೇ ನಂಬಿದೆ. ರೇಷ್ಮೆ ಹಂಡೆಗಿಳಿಯಿತು.

ಒಣಗಿದ ಬಟ್ಟೆಯನ್ನು ಮಡಚಿಕೊಂಡು ಹಲಸೂರು ಕೆರೆಯ ದಂಡೆಗೆ ಬಂದು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಮೋಡ ಕವಿದಿತ್ತು, ಜನವಿರಲಿಲ್ಲ, ನೀರಿನ ಮೇಲೆ ಗಾಳಿಯೂ ಇರಲಿಲ್ಲ. ಇನ್ನೊಂದು ಸಲ ನೋಡೋಣವೆಂದು ದೊಡ್ಡಮ್ಮ ಬಟ್ಟೆ ಬಿಡಿಸಿದಳು. ಬಿಡಿಸಿದವಳೇ ಕೈ ಹಿಂದಕ್ಕೆಳೆದುಕೊಂಡಳು.

"ಇದು ಅವಳಲ್ಲ."

ಬಣ್ಣ ಕೂಡಿಬರಲಿಲ್ಲವೇ ಎಂದು ಕೇಳಿದೆ.

"ಬಣ್ಣದ ಮಾತಲ್ವೇ. ಇದರೊಳಗೆ ಯಾರೋ ಇದ್ದಾನೆ. ಗಂಡಸು. ನಮ್ಮೋನಲ್ಲ. ಏನೋ ಹೇಳ್ತಾನೇ ಇದ್ದಾನೆ, ನಿಲ್ಲಿಸ್ತಿಲ್ಲ."

ನನಗೆ ಕಂಡದ್ದು ಮಾಸಲು ಕಂದು ಬಣ್ಣದ ಒಂದು ಬಟ್ಟೆ, ಅಷ್ಟೇ. ತಪ್ಪು ಎಲ್ಲಿ ಆಯಿತೆಂದು ಅವಳೇ ಆಮೇಲೆ ಯೋಚಿಸಿ ಹೇಳಿದಳು. ಗಿರಣಿಯ ಸದ್ದು ಅವಳಿಗೆ ಗೋಡೆಗೆ ಸಾರಿಸುವ ಗೋಡುಮಣ್ಣಿನ ಹಳದಿ. ಬೆಳಗಿನಿಂದ ತಂಗಿಯ ದನಿಯ ಬಣ್ಣಕ್ಕೂ ಆ ಹಳದಿ ಬೆರೆತಿತ್ತು, ಒಂದೊಂದು ಎಳೆಯನ್ನೂ ಅವಳು ಅದಕ್ಕೇ ಹೋಲಿಸಿ ನೋಡಿದ್ದಳು. ಈಗ ಸದ್ದು ನಿಂತಿತ್ತು, ಹಳದಿ ಹೋಗಿತ್ತು, ಬಟ್ಟೆಯಲ್ಲಿ ಉಳಿದದ್ದು ಯಾರದೋ ದನಿ.

ಅಂದು ಹಲಸೂರಿನಲ್ಲೇ, ದೊಡ್ಡಪ್ಪನ ತಂಗಿ ರಾಜಮ್ಮತ್ತೆಯ ಮನೆಯಲ್ಲಿ ಉಳಿದೆವು. ಅತ್ತೆ ಬಿಸಿ ಮುದ್ದೆ, ಅವರೆಕಾಳು ಸಾರು ಮಾಡಿ ಹಾಕಿ, ಈ ವಯಸ್ಸಿನಲ್ಲಿ ನಿಮಗಿಬ್ಬರಿಗೂ ಇದೆಂಥ ಹುಚ್ಚು ಎಂದು ಪ್ರೀತಿಯಿಂದಲೇ ಬೈದಳು. ದೊಡ್ಡಮ್ಮ ಆ ಬಟ್ಟೆಯನ್ನು ಒಳಗೆ ತರಗೊಡಲಿಲ್ಲ. ಅಂಗಳದ ತಂತಿಗೆ ಹಾಕಿದೆ. ಬೆಳಿಗ್ಗೆ ಕಾಫಿ ಸೋಸುತ್ತಾ ಅತ್ತೆ, ಹಾಲಿನವನು ಅಂಗಳದಲ್ಲಿ ಯಾರ ಜೊತೆ ಅಷ್ಟು ಹೊತ್ತು ಮಾತಾಡುತ್ತಿದ್ದ ಎಂದು ಕೇಳಿದಳು. ಹಾಲು ಇನ್ನೂ ಬಂದಿರಲಿಲ್ಲ. ನಾನು ಎಚ್ಚರವಾಗಿಯೇ ಇದ್ದೆ, ನನಗೇನೂ ಕೇಳಿಸಿರಲಿಲ್ಲ. ದೊಡ್ಡಮ್ಮ ನನ್ನ ಕಡೆ ನೋಡಿ, ಸುಮ್ಮನಿರು ಎನ್ನುವಂತೆ ತಲೆಯಾಡಿಸಿದಳು.

ಬಟ್ಟೆ ಹಿಡಿದು ಮತ್ತೆ ಶಿವಾಜಿನಗರಕ್ಕೆ ಹೋದೆವು. ಶುಕ್ರವಾರವಾದ್ದರಿಂದ ಗಿರಣಿಗೆ ರಜೆ. ಗಲ್ಲಿಯಲ್ಲಿ ಕಸ ಗುಡಿಸುವ ಸದ್ದೊಂದೇ ಇತ್ತು. ಗಫೂರ್ ಸಾಬರೂ ಆ ದಿನ ಕೆಲಸ ಮಾಡುವವರಲ್ಲ. ಆದರೂ ನಾನು ನಡೆದದ್ದನ್ನು ಹೇಳಿದಾಗ ನಗಲಿಲ್ಲ, ನಮಾಜಿಗೆ ಮುಂಚೆ ಮುಗಿಸಬೇಕು ಎಂದಷ್ಟೇ ಹೇಳಿ ಒಲೆ ಹೊತ್ತಿಸಿದರು. ಬಟ್ಟೆಯನ್ನು ಸೋಡಾ ನೀರಿನಲ್ಲಿ ಕುದಿಸಿ ನಿನ್ನೆಯ ಬಣ್ಣ ಇಳಿಸಿದರು. ಅದು ಪೂರ್ತಿ ಇಳಿಯುವವರೆಗೂ ದೊಡ್ಡಮ್ಮ ಬೆನ್ನು ತಿರುಗಿಸಿ ಕುಳಿತಿದ್ದಳು. ರೇಷ್ಮೆಗೆ ಇನ್ನೊಂದು ಕುದಿ ತಡೆಯುವ ಶಕ್ತಿಯಿಲ್ಲ, ಇದು ತಪ್ಪಿದರೆ ಮುಗಿಯಿತು ಎಂದು ಸಾಬರು ಮೊದಲೇ ಎಚ್ಚರಿಸಿದರು. ಇನ್ನೊಂದು ತುಂಡಿಗೆ ದುಡ್ಡು ಕೂಡಿಸಿ ಬರುವ ಹೊತ್ತಿಗೆ ದೊಡ್ಡಮ್ಮನ ಕಣ್ಣು ಎಷ್ಟು ಉಳಿದಿರುತ್ತದೋ ಯಾರಿಗೆ ಗೊತ್ತು.

ಅವಳು ಹಾಡಿದಳು. ಈ ಸಲ ಗುನುಗಲಿಲ್ಲ, ಬಾಯಿ ಬಿಟ್ಟು ಹಾಡಿದಳು. ಎದುರು ಮನೆಯ ಪಂಜರದಲ್ಲಿ ಕಿಚಪಿಚ ಅನ್ನುತ್ತಿದ್ದ ಹಕ್ಕಿಗಳು ಒಂದೊಂದಾಗಿ ಸುಮ್ಮನಾದವು. ಸಾಬರು ಹಂಡೆಗೆ ಕೆಂಪು ಹಾಕಿದರು, ಚೂರು ಕಪ್ಪು ಹಾಕಿದರು. ಎಳೆ ಅದ್ದಿ ನೋಡುವ ಮೊದಲೇ, ಹಗ್ಗದ ಮೇಲಿದ್ದ ಬಿಳಿ ರೇಷ್ಮೆ ಜಾರಿ ಹಂಡೆಯೊಳಗೆ ಬಿತ್ತು. ಗಾಳಿ ಇರಲಿಲ್ಲ. ಸಾಬರು ಬಾಯಲ್ಲಿ ಏನೋ ಅಂದುಕೊಂಡು ಕೋಲಿನಿಂದ ಅದನ್ನು ಮೇಲೆತ್ತಿದರು.

ನೇರಳೆ. ಅದರ ಮೇಲೆ ಬೂದಿ.

ಸಾಬರ ಎಡಗೈಯಲ್ಲಿ ನೀಲಿಯ ಡಬ್ಬಿ ಮುಚ್ಚಳ ಮುಚ್ಚಿಕೊಂಡೇ ಇತ್ತು. ಅವರು ಅದನ್ನು ನನಗೆ ತೋರಿಸಿದರು. "ನೋಡಮ್ಮಾ. ನೀಲಿ ನಾನು ಇನ್ನೂ ಹಾಕೇ ಇಲ್ಲ."

ದೊಡ್ಡಮ್ಮ ಹಾಡು ನಿಲ್ಲಿಸಿದ್ದಳು. ತೊಟ್ಟಿಕ್ಕುವ ಬಟ್ಟೆಯ ಹತ್ತಿರ ಹೋಗಿ, ಮುಟ್ಟದೆ, ಮಗುವನ್ನು ನೋಡುವ ಹಾಗೆ ನೋಡಿ, "ಬಂದ್ಲು ಕಣೇ" ಎಂದಳು. ನಾನು ಕಿವಿಯನ್ನು ಬಟ್ಟೆಗೆ ಹಚ್ಚಿದೆ. ಒದ್ದೆ, ಬಿಸಿ, ರೇಷ್ಮೆಯ ವಾಸನೆ. ಬೇರೇನೂ ಇಲ್ಲ. ಏನು ಹಾಡುತ್ತಿದ್ದಾಳೆ ಎಂದು ಕೇಳಿದರೆ, ಅದೇ ಜೋಗುಳ ಎಂದಳು. ಹಂಡೆಯಲ್ಲಿ ಉಳಿದ ನೀರನ್ನು ಮೋರಿಗೆ ಚೆಲ್ಲಲು ಸಾಬರಿಗೆ ಮನಸ್ಸು ಬರಲಿಲ್ಲ. ಆರಿದ ಮೇಲೆ ದರ್ಗಾದ ಬೇವಿನ ಬುಡಕ್ಕೆ ಹಾಕುತ್ತೇನೆಂದು ಹಂಡೆಗೆ ತಟ್ಟೆ ಮುಚ್ಚಿ ಮಸೀದಿಗೆ ಹೊರಟರು.

ಸಂಜೆಗೆ ಹಲಸೂರಿನಲ್ಲಿ ಕೋಲಾರದ ಬಸ್ಸು ಸಿಕ್ಕಿತು. ಇಂದಿರಾನಗರ ದಾಟುವಷ್ಟರಲ್ಲಿ ದೊಡ್ಡಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಟಿನ್ ಫ್ಯಾಕ್ಟರಿಯಲ್ಲಿ ಮತ್ತೆ ಎಲ್ಲ ನಿಂತಿತು, ಡ್ರೈವರು ಇಂಜಿನ್ನು ಆರಿಸಿದ. ನಾನು ಬಟ್ಟೆ ತೆಗೆದು ಮಡಿಲಲ್ಲಿ ಬಿಡಿಸಿದೆ. ಎಷ್ಟು ಹೊತ್ತು ನೋಡಿದರೂ ಅದು ನನಗೆ ಬಟ್ಟೆಯಾಗಿಯೇ ಇತ್ತು. ಅಮ್ಮ ನನ್ನ ಮಡಿಲಲ್ಲಿದ್ದಾಳೆ, ಹಾಡುತ್ತಿದ್ದಾಳೆ, ನಾನೊಬ್ಬಳು ಹೊರಗಿದ್ದೇನೆ ಅನ್ನಿಸಿ ಹೊಟ್ಟೆ ಉರಿಯಿತು. ಮಡಚಿಬಿಟ್ಟೆ.

ಮುಂದಿನ ಸೀಟಿನಲ್ಲಿ ಖಾಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು ಹಿಂದಕ್ಕೆ ತಿರುಗಿದಳು. "ಯಾಕಮ್ಮ ನಿಲ್ಲಿಸ್ಬಿಟ್ಟೆ?"

ಏನನ್ನು ಎಂದೆ.

"ಹಾಡ್ತಿದ್ಯಲ್ಲ."

ನಾನಲ್ಲ, ನನಗೆ ಹಾಡೇ ಬರುವುದಿಲ್ಲ ಎಂದೆ. ಅವಳು ಬಾಯಿ ಮುಚ್ಚಿ ಮಲಗಿದ್ದ ದೊಡ್ಡಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

"ನೀನೇ ಕಣಮ್ಮ. ಈಗ ಮಾತಾಡಿದ್ಯಲ್ಲ, ಇದೇ ದನಿ. ಹಾಡು ತಾಯಿ, ನಾನು ಹೊಸಕೋಟೇಲಿ ಇಳ್ಕೊಂತೀನಿ."

ನಾನು ಬಟ್ಟೆಯನ್ನು ಪೂರ್ತಿ ಬಿಡಿಸಿ, ಎರಡು ತುದಿಯನ್ನೂ ಮೊಣಕಾಲಿನ ಮೇಲೆ ಹರಡಿದೆ. ಅವಳು ಮುಂದಕ್ಕೆ ತಿರುಗಿ ತಲೆದೂಗತೊಡಗಿದಳು. ಹೊಸಕೋಟೆಯವರೆಗೂ ನಾನು ಅವಳ ಕತ್ತನ್ನೇ ನೋಡುತ್ತಿದ್ದೆ. ಹಾಡು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಅಮ್ಮ ಉಸಿರು ಎಳೆದುಕೊಳ್ಳುತ್ತಾಳೆ ಎಂದು ನನಗೆ ತಿಳಿದದ್ದು ಹಾಗೆ.

ಹೊಸಕೋಟೆಯಲ್ಲಿ ಅವಳು ಇಳಿದಳು. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಿಂದ ನೋಡಿದೆ. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ರಸ್ತೆಯಂಚಿಗೆ ನಿಂತೇ ಇದ್ದಳು, ನಮ್ಮ ಬಸ್ಸಿನ ಕಡೆಗೆ ಕಿವಿ ಕೊಟ್ಟು.