ಹಣೆಯ ಭಂಡಾರ

ಮುನವಳ್ಳಿಯ ಕಮ್ಮಾರ ಲಗಮಪ್ಪ ಯಾವ ಪಕ್ಷಕ್ಕೂ ಸೇರಿದವನಲ್ಲ. "ನಮ್ಮ ಓಟು ನಮ್ಮ ಮನಸಿಂದು" ಎಂದು ಕುಲುಮೆಯಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ. ಎಪ್ಪತ್ತೆಂಟರ ಚುನಾವಣೆಯ ಮುಂಜಾನೆ, ಚುನಾವಣೆಗೆ ನಿಂತಿದ್ದ ಗೌಡರ ಕಡೆಯವರು ಬಂದು, ಗಂಡ ಹೆಂಡತಿಯ ಹಣೆಗೆ ಎಲ್ಲವ್ವ ದೇವಿಯ ಭಂಡಾರದ ಅರಿಸಿನ ಬಳಿದು, ಗೌಡರಿಗೇ ಓಟು ಹಾಕುವುದಾಗಿ ಆಣೆ ಮಾಡಿಸಿಕೊಂಡು ಹೋದರು. ಗೌಡರೆಂದರೆ ಲಗಮಪ್ಪನಿಗೆ ಮೈಯೆಲ್ಲ ಉರಿ. ಆದರೂ ಮತಗಟ್ಟೆಯೊಳಗೆ ಠಸ್ಸೆ ಹಿಡಿದಾಗ ಆಣೆಗೆ ಅಂಜಿ, ಅವರ ಗುರುತಿಗೇ ಒತ್ತಿ ಬಂದ.

ಹೊರಗೆ ಹೆಂಡತಿ ಸಾವಂತ್ರೆವ್ವ ಕಾಯುತ್ತಿದ್ದಳು.

"ಆಣಿ ನೆನಸಿ ಎದಿ ಹೊಡಕೊಳ್ಳಾಕ ಹತ್ತಿತ್ರಿ. ಆದ್ರ ನಿಮ್ಮ ಮಾತು ನೆನಪಾತು. ಗೌಡರ ಎದುರು ನಿಂತ ಮಾಸ್ತರರಿಗೇ ಒತ್ತಿ ಬಂದೆ. ನೀವೂ ಅವರಿಗೇ ಹೌದಲ್ಲರಿ?"

"ಹೂಂ" ಎಂದ ಲಗಮಪ್ಪ.

ಎಲ್ಲವ್ವನಿಗೆ ಅಂಜಿ ಮನಸ್ಸು ಮಾರಿಕೊಂಡವನು, ಅವಳ ಭಂಡಾರ ಹಣೆಯ ಮೇಲಿರುವಾಗಲೇ ಸುಳ್ಳು ಹೇಳಿದ್ದ.